ಮಸಾರಿ ದಿಬ್ಬದ ಮನೆ

ಸಮಾಜ ವಿಜ್ಞಾನದ ಪಠ್ಯಪುಸ್ತಕದಲ್ಲಿ ನಮ್ಮ ಜಿಲ್ಲೆಯ ಮಣ್ಣಿಗೆ ಸಿಕ್ಕಿರುವುದು ಒಂದೂವರೆ ಸಾಲು. ಬಳ್ಳಾರಿ ಸೀಮೆಯಲ್ಲಿ ಕಪ್ಪು ಮಣ್ಣು, ಕೆಂಪು ಮಣ್ಣು ಕಂಡುಬರುತ್ತವೆ. ಕಪ್ಪು ಮಣ್ಣು ನೀರನ್ನು ಹಿಡಿದಿಡುತ್ತದೆ, ಕೆಂಪು ಮಣ್ಣಿನಲ್ಲಿ ನೀರು ಬೇಗ ಬಸಿದುಹೋಗುತ್ತದೆ. ಮುಗಿಯಿತು, ಮುಂದಿನ ಪಾಠ ನದಿಗಳು. ನಿವೃತ್ತಿಯಾಗುವವರೆಗೂ ಕೌಲ್ ಬಜಾರಿನ ಶಾಲೆಯೊಂದರಲ್ಲಿ ನಾನು ಇದನ್ನೇ ಮಕ್ಕಳಿಗೆ ಹೇಳಿಕೊಟ್ಟೆ. ಹೇಳುವಾಗ ಒಮ್ಮೊಮ್ಮೆ ನಗು ಬರುತ್ತಿತ್ತು, ಒಮ್ಮೊಮ್ಮೆ ಸಿಟ್ಟು. ಈಗ ಪಾರ್ವತಿನಗರದ ನಮ್ಮ ಬೀದಿಯಲ್ಲಿ ಯಾರೋ ಹೊಸ ಮನೆಗೆ ಪಾಯ ತೋಡುತ್ತಿದ್ದಾರೆ. ಮೊನ್ನೆ ತರಕಾರಿ ಚೀಲ ಹಿಡಿದು ಬರುವಾಗ ಗುಂಡಿಯ ಅಂಚಿನಲ್ಲಿ ನಿಂತು ಒಂದು ಹಿಡಿ ಮಣ್ಣು ಎತ್ತಿ ತಿಕ್ಕಿ ನೋಡಿದೆ. ಅಲ್ಲಿದ್ದ ಎಂಜಿನಿಯರ್ ಹುಡುಗಿ ನಕ್ಕು, "ಆಂಟಿ, ಚಲೋ ಮಣ್ಣು ಐತ್ರಿ, ನೀರು ನಿಲ್ಲಂಗಿಲ್ಲ" ಎಂದಳು. ಸರಿಯಾಗಿಯೇ ಹೇಳಿದಳು. ಆದರೆ "ನೀರು ನಿಲ್ಲಂಗಿಲ್ಲ" ಎಂಬ ಆ ಎರಡು ಮಾತಿಗೆ ನಮ್ಮ ಮನೆಯೇ ಎರಡಾಗಿತ್ತು, ಅತ್ತೆ ಸೊಸೆ ವರ್ಷಗಟ್ಟಲೆ ಒಂದು ಸೂರಿನಡಿ ಕೂತು ಉಣ್ಣಲಿಲ್ಲ ಎಂದು ಅವಳಿಗೆ ಹೇಗೆ ಗೊತ್ತಾಗಬೇಕು ಪಾಪ.

ನಮ್ಮೂರು ಕುರುಗೋಡಿನಿಂದ ಸಿರುಗುಪ್ಪದ ಕಡೆಗೆ ಹೋಗುವ ಹಾದಿಯಲ್ಲಿ. ಊರ ಮುಂದಿನದೆಲ್ಲ ಎರೆ, ಅಂದರೆ ಕಪ್ಪು ನೆಲ. ಊರ ಹಿಂದೆ ಕಲ್ಲುಗುಡ್ಡದ ಕಡೆಗೆ ಏರಿಕೊಂಡು ಹೋದಂತೆ ಮಸಾರಿ, ಕೆಂಪು ನೆಲ. ಎರೆ ಹೊಲದ ತಗ್ಗಿನ ಮೂಲೆಯಲ್ಲಿ ಒಂದು ತುಂಡು ಕರ್ಲು. ಅಲ್ಲಿ ಏನೂ ಬೆಳೆಯದು. ಬೇಸಿಗೆಯಲ್ಲಿ ಮೇಲೆಲ್ಲ ಉಪ್ಪು ಚೆಲ್ಲಿದಂತೆ ಬೆಳ್ಳಗಾಗುತ್ತಿತ್ತು, ಮಳೆ ಬಿದ್ದರೆ ಸಾಬೂನಿನ ಹಾಗೆ ಜಾರುತ್ತಿತ್ತು, ಬಿದ್ದ ನೀರು ಕೆಳಗಿಳಿಯದೆ ಅಲ್ಲೇ ಕೂತಿರುತ್ತಿತ್ತು. ಈ ಮೂರೂ ನಮ್ಮವೇ ಹೊಲಗಳು. ನನ್ನ ಅಜ್ಜಿ, ಅಪ್ಪನ ತಾಯಿ, ಭತ್ತ ಬೆಳೆಯುವ ದೇಶನೂರಿನ ಮಗಳು. ಗದ್ದೆಯಲ್ಲಿ ನೀರು ತುಂಬಿ ನಿಂತರೆ ಮನೆ ತುಂಬಿದಂತೆ ಎಂದು ತಿಳಿದು ಬೆಳೆದವಳು. ಅವಳ ಪ್ರಕಾರ ನೀರು ಹಿಡಿಯುವುದೇ ಭೂಮಿ, ಉಳಿದದ್ದೆಲ್ಲ ಬರೀ ಧೂಳು. ಮನುಷ್ಯರನ್ನೂ ಅವಳು ಮಣ್ಣಿನಿಂದಲೇ ವಿಂಗಡಿಸುತ್ತಿದ್ದಳು. ಕೊಟ್ಟ ಮಾತು ಹಿಡಿದುಕೊಂಡವರು ಎರಿ ಮಂದಿ. ಏನು ಹೇಳಿದರೂ ಒಳಗೆ ಇಳಿಯದವರು ಕರ್ಲು. ಕೊಟ್ಟದ್ದು, ಅಂದದ್ದು, ಬೈದದ್ದು ಯಾವುದನ್ನೂ ಇಟ್ಟುಕೊಳ್ಳದವರು ಮಸಾರಿ. ಅವ್ವ ಗುಡ್ಡದ ಬುಡದ ಕೆಂಪು ನೆಲದ ಊರಿನಿಂದ ಬಂದವಳಾದ್ದರಿಂದ ಅವಳು ಯಾವ ಗುಂಪಿಗೆ ಸೇರಿದಳೆಂದು ಬೇರೆ ಹೇಳಬೇಕಿಲ್ಲ. ಅನ್ನಕ್ಕೆ ಉಪ್ಪು ಹೆಚ್ಚಾದರೂ ಅಜ್ಜಿಯ ಬಾಯಲ್ಲಿ ಬರುತ್ತಿದ್ದದ್ದು ಒಂದೇ ಮಾತು: "ಮಸಾರಿ ಹುಡುಗಿ, ಇನ್ನೇನಾಗ್ತೈತಿ." ಅವ್ವ ಕೇಳಿಸಿಕೊಂಡು ಸುಮ್ಮನೆ ರೊಟ್ಟಿ ತಟ್ಟುತ್ತಿದ್ದಳು. ಅವಳು ಮರೆತಿದ್ದಾಳೆಂದು ಎಲ್ಲರೂ ತಿಳಿದಿದ್ದರು.

ಹಳೆಯ ಮನೆ ಇದ್ದದ್ದು ಎರೆ ನೆಲದ ಮೇಲೆ. ಆ ಮನೆಗೆ ಜೀವ ಇತ್ತು ಎಂದರೆ ನಂಬಿ. ಬೇಸಿಗೆಯಲ್ಲಿ ನೆಲ ಒಣಗಿ ಬಾಯಿ ಬಿಡುತ್ತಿತ್ತು, ಅದರ ಜೊತೆಗೆ ಗೋಡೆಯೂ. ಮಳೆಗಾಲದಲ್ಲಿ ನೆಲ ನೀರು ಕುಡಿದು ಉಬ್ಬುತ್ತಿತ್ತು, ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡು ಬಿಡುತ್ತಿತ್ತು. ಅಪ್ಪ ಭುಜ ಕೊಟ್ಟು ನೂಕಿದರೇ ತೆರೆಯುವುದು. ಅಡುಗೆಮನೆಯ ಗೋಡೆಯಲ್ಲಿ ಒಂದು ಬಿರುಕಿತ್ತು. ಒಂದು ವರ್ಷ ಅದರಲ್ಲಿ ನನ್ನ ಕಿರುಬೆರಳು ಹೋಗುತ್ತಿತ್ತು, ಮತ್ತೊಂದು ವರ್ಷ ಹೆಬ್ಬೆರಳು. ಹುಣಸೆಹಣ್ಣಿನ ಉಂಡೆ, ಬಳಪ, ಮುರಿದ ಬಳೆಚೂರು ಎಲ್ಲವನ್ನೂ ಅಲ್ಲಿ ಬಚ್ಚಿಡುತ್ತಿದ್ದೆ. ಮಳೆ ಬಂದ ಕೂಡಲೇ ಬಿರುಕು ಮುಚ್ಚಿಕೊಂಡು ಎಲ್ಲವನ್ನೂ ನುಂಗುತ್ತಿತ್ತು. ಮಾರನೇ ಬೇಸಿಗೆಗೆ ಕೈ ಹಾಕಿದರೆ ಏನೂ ಇರುತ್ತಿರಲಿಲ್ಲ, ಒಮ್ಮೊಮ್ಮೆ ಚೇಳಿರುತ್ತಿತ್ತು. ಯುಗಾದಿಗೆ ಮುಂಚೆ ಮಣ್ಣು ಸಗಣಿ ಕಲಸಿ ಬಿರುಕಿಗೆ ಮೆತ್ತಿ, ಮೇಲೆ ಸುಣ್ಣ ಬಳಿಯುವುದು ಸೊಸೆಯ ಕೆಲಸ. ಅವ್ವ ಬಂದ ವರ್ಷದಿಂದ ಮೆತ್ತುತ್ತಲೇ ಇದ್ದಳು. ಆ ಗೋಡೆಯಲ್ಲಿ ಕಲ್ಲಿಗಿಂತ ಅವ್ವ ಮೆತ್ತಿದ ಮಣ್ಣೇ ಹೆಚ್ಚಿತ್ತೋ ಏನೋ.

ತಂಗಿ ಹುಟ್ಟಿದ ಬೇಸಿಗೆ ಅದು. ತೊಟ್ಟಿಲು ಅಡುಗೆಮನೆಯ ತೊಲೆಗೆ ಕಟ್ಟಿತ್ತು. ಒಂದು ಮಧ್ಯಾಹ್ನ ಅವ್ವ ರೊಟ್ಟಿ ಸುಡುವಾಗ ಟಪ್ಪೆಂದು ಸದ್ದಾಯಿತು. ಬಿರುಕಿನ ಪಕ್ಕದ ಗೋಡೆ ಒಂದು ಗೇಣು ಜರುಗಿ, ತೊಲೆಯ ತುದಿ ಕೆಳಗಿಳಿದು, ತೊಟ್ಟಿಲು ಓರೆಯಾಗಿ ನೆಲಕ್ಕೆ ತಾಗಿತು. ಕೂಸು ಕಿರುಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಅಜ್ಜಿ ಓಡಿ ಬಂದು ಕೂಸನ್ನು ಎತ್ತಿಕೊಂಡು ದೃಷ್ಟಿ ತೆಗೆದಳು. ಅಪ್ಪ ತೊಲೆಗೆ ಊರುಗೋಲು ಕೊಟ್ಟ. ಎಲ್ಲ ಮುಗಿದ ಮೇಲೆ ಅಜ್ಜಿ, "ಹನುಮಕ್ಕ, ನಾಳೆ ಮಣ್ಣು ಕಲಸು, ಮೆತ್ತಿದ್ರ ಆತು" ಎಂದಳು. ಅವ್ವ ಮೂಲೆಯಲ್ಲಿದ್ದ ಸುಣ್ಣದ ಗಡಿಗೆಯನ್ನು ಎತ್ತಿ ತಂದು ಅಜ್ಜಿಯ ಮುಂದಿಟ್ಟಳು.

"ಇನ್ನ ಮ್ಯಾಲ ನಾ ಮೆತ್ತಂಗಿಲ್ರಿ ಅತ್ತಿ. ಈ ಗ್ವಾಡಿ ನನ್ನ ಕೂಸಿನ ಮ್ಯಾಲ ಬೀಳಾಕ ಬಂದಿತ್ತು."

"ಮೆತ್ತಲಿಲ್ಲಾಂದ್ರ ಏನ್ ಮಾಡ್ತಿ?"

"ಮಸಾರಿ ದಿಬ್ಬದ ಮ್ಯಾಲ ಮನಿ ಕಟ್ತೀನಿ. ಬಿರುಕು ಬಿಡದ ಗ್ವಾಡಿ ಕಟ್ಟಿ ತೋರಸ್ತೀನಿ."

ಅಜ್ಜಿ ನಕ್ಕಳು. ಅಪ್ಪನ ಕಡೆ ನೋಡಿದಳು. ಅಪ್ಪನಿಗೆ ಜೀವಮಾನದಲ್ಲಿ ಗೊತ್ತಿದ್ದದ್ದು ಒಂದೇ ಉತ್ತರ, "ನೋಡಾನಂತ." ಎತ್ತು ಕೊಳ್ಳುವುದಕ್ಕೂ ನೋಡಾನಂತ, ಜ್ವರಕ್ಕೆ ಮದ್ದು ತರುವುದಕ್ಕೂ ನೋಡಾನಂತ. ಅವತ್ತೂ ಅದನ್ನೇ ಹೇಳಿ ಎದ್ದು ಹೊಲಕ್ಕೆ ಹೋದ. ಆದರೆ ಅವ್ವ ಅವತ್ತು ಸಂಜೆಯೇ ಪಡಸಾಲೆಯ ಮೂಲೆಯಲ್ಲಿ ಮೂರು ಕಲ್ಲಿಟ್ಟು ಬೇರೆ ಒಲೆ ಹೂಡಿದಳು. ಆ ಗೋಡೆಯ ಕೆಳಗೆ ಇನ್ನು ಕೂರುವುದಿಲ್ಲ ಎಂದಳು. ಒಂದು ಮನೆಯಲ್ಲಿ ಎರಡು ಹೊಗೆ ಏಳುವುದೆಂದರೆ ನಮ್ಮ ಕಡೆ ಊರೆಲ್ಲ ಮಾತಾಡುವ ವಿಷಯ. ನನಗೆ ಮಾತ್ರ ಖುಷಿಯೋ ಖುಷಿ. ಅಜ್ಜಿಯ ಒಲೆಯ ಹತ್ತಿರ ಒಂದು ಸಲ, ಅವ್ವನ ಒಲೆಯ ಹತ್ತಿರ ಒಂದು ಸಲ ಉಣ್ಣುತ್ತಿದ್ದೆ. ಇಬ್ಬರೂ ಕೇಳುತ್ತಿದ್ದದ್ದು ಒಂದೇ: "ಅಲ್ಲೇನ್ ಮಾಡ್ಯಾರ ಇವತ್ತು?"

ಅಜ್ಜಿ ಸೋಲುವವಳಲ್ಲ. ನಮ್ಮ ಕಡೆ ಮನೆ ಕಟ್ಟುವ ಜಾಗ ನೋಡುವುದಕ್ಕೆ ಒಂದು ಪದ್ಧತಿಯಿದೆ. ಮೊಳದಾಳದ ಗುಂಡಿ ತೋಡಿ, ಸಂಜೆ ನೀರು ತುಂಬಿಸುವುದು. ಬೆಳಿಗ್ಗೆಗೆ ನೀರು ಉಳಿದಿದ್ದರೆ ಆ ಜಾಗ ಮನೆಗೆ ಆಗಿಬರುತ್ತದೆ, ಇಂಗಿಹೋದರೆ ಆಗಿಬರುವುದಿಲ್ಲ. ಅಜ್ಜಿ ಊರ ನಾಲ್ಕು ಮಂದಿ ಹಿರಿಯರನ್ನು ಕರೆದುಕೊಂಡು ದಿಬ್ಬ ಹತ್ತಿದಳು. ಅವ್ವ ತಾನೇ ಗುಂಡಿ ತೋಡಿದಳು. ಮಸಾರಿಗೆ ಸಲಿಕೆ ಇಟ್ಟರೆ ಹಿಟ್ಟಿಗೆ ಕೈ ಇಟ್ಟಂತೆ ಸಲೀಸು. ಮೇಲೆ ತೆಳು ಕೆಂಪು, ಅದರ ಕೆಳಗೆ ರಕ್ತಗೆಂಪು, ಇನ್ನೂ ಕೆಳಗೆ ಸಣ್ಣ ಹರಳು ಬೆರೆತ ಗರಸು. ಅವ್ವ ಕೊಡದಿಂದ ನೀರು ಸುರಿದಳು. ಹಿರಿಯರಲ್ಲೊಬ್ಬರು ಎಲೆಗೆ ಸುಣ್ಣ ಹಚ್ಚಿ ಬಾಯಿಗಿಡುವಷ್ಟರಲ್ಲಿ ಗುಂಡಿಯಲ್ಲಿ ನೀರೇ ಇರಲಿಲ್ಲ. ಬೆಳಗಿನವರೆಗೆ ಕಾಯುವ ಮಾತೆಲ್ಲಿ ಬಂತು!

"ಕಂಡ್ಯಾ?" ಎಂದಳು ಅಜ್ಜಿ. "ನಿನ್ನ ಭೂಮಿ ನಿನ್ನಂಗ ಐತಿ. ಏನು ಕೊಟ್ರೂ ಇಟ್ಕಣಂಗಿಲ್ಲ. ಇದರ ಮ್ಯಾಲ ಮನಿ ಕಟ್ಟಿದ್ರ ಮನ್ಯಾಗ ಏನು ಉಳಿತೈತಿ? ಚಾಲು, ನಡಿ ಮನಿಗೆ."

ಸಿಟ್ಟು ಬಂದಾಗ ಅಜ್ಜಿಯ ಬಾಯಲ್ಲಿ ತೆಲುಗು ನುಸುಳುತ್ತಿತ್ತು. ಚಾಲು, ಅಂದರೆ ಸಾಕು, ಎಂದಳೆಂದರೆ ಮುಂದೆ ಮಾತಿಲ್ಲ. ಹಿರಿಯರೂ ತಲೆಯಾಡಿಸಿದರು. ಅವ್ವ ಗುಂಡಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ತಳ ನೋಡುತ್ತಿದ್ದಳು. ಅವಳು ಅಳುತ್ತಾಳೆಂದು ನನಗೆ ಅನ್ನಿಸಿತು. ಅವಳು ಕೈ ಹಾಕಿ ತಳದ ಮಣ್ಣು ತೆಗೆದಳು. ಹಸಿಯಾಗಿತ್ತು, ಆದರೆ ಕೈಗೆ ಅಂಟಲಿಲ್ಲ. ಕೊಡವಿ ಎದ್ದಳು.

"ನೀವು ಹೇಳಿದ್ದು ಖರೆ ಐತ್ರಿ, ನೀರು ನಿಲ್ಲಂಗಿಲ್ಲ. ನನಗೂ ಬೇಕಾಗಿದ್ದು ಅದ. ನಿಂತ ನೀರು ನೆಲಾನ ಉಬ್ಬಸ್ತೈತಿ, ಒಣಗಿದ ಮ್ಯಾಲ ಸೀಳತೈತಿ. ಹೋಗೋ ನೀರು ಗ್ವಾಡಿಗೆ ಏನೂ ಮಾಡಂಗಿಲ್ಲ. ನಾ ಇಲ್ಲೇ ಕಟ್ತೀನಿ."

ಹಿರಿಯರ ಮುಂದೆ ಸೊಸೆ ಪದ್ಧತಿಯನ್ನೇ ತಿರುಗಿಸಿ ಹೇಳಿದ್ದು ಅಜ್ಜಿಗೆ ಕೆನ್ನೆಗೆ ಹೊಡೆದಂತಾಯಿತು. ದಿಬ್ಬದ ಮೇಲೆ ನಿಂತೇ ಅವಳು ಆಣೆ ಹಾಕಿದಳು.

"ಕಟ್ಟು. ಆದ್ರ ಆ ಮನಿ ಹೊಸ್ತಿಲ ನಾ ಸಾಯೋತನಕ ತುಳಿಯಂಗಿಲ್ಲ."

ಎರಿ ಮಂದಿಯ ಮಾತು. ಹಾಕಿದ ಮೇಲೆ ಮುಗಿಯಿತು.

ಅವ್ವ ಕಟ್ಟಿದಳು. ಜೋಳದ ಕೊಯ್ಲಿಗೆ ಕೂಲಿ ಹೋಗಿ ಬಂದು, ಸಂಜೆ ಬೆಳಕಿರುವವರೆಗೆ ಪಾಯ ತೋಡುತ್ತಿದ್ದಳು. ನಾನು ಬುಟ್ಟಿಯಲ್ಲಿ ಮಣ್ಣು ಹೊರುತ್ತಿದ್ದೆ. ನನ್ನ ಲಂಗದ ಕೆಂಪು ಎಷ್ಟು ಒಗೆದರೂ ಹೋಗುತ್ತಿರಲಿಲ್ಲ. ಒಂದು ವಾರ ನೋಡಿದ ಅಪ್ಪ, ಎಂಟನೇ ದಿನ ಹಾರೆ ಹಿಡಿದು ಬಂದು ನಿಂತ. ಗೋಡೆಗೆ ಗುಡ್ಡದ ಕಲ್ಲು, ಕಲ್ಲಿನ ನಡುವೆ ಮಸಾರಿ ಕೆಸರು. ಗೋಡೆ ಎಬ್ಬಿಸಿದ್ದು ಕೌಲ್ ಬಜಾರಿನ ಮಾಬುಸಾಬ ಮೇಸ್ತ್ರಿ, ಅಪ್ಪನ ಸ್ನೇಹಿತ. ಹೊಸ್ತಿಲಿಗೆ ಅವ್ವ ತನ್ನ ತವರಿನಿಂದ ಬೇವಿನ ಹಲಗೆ ತರಿಸಿ, ಅರಿಶಿನ ಬಳಿದು, ಕುಂಕುಮ ಇಟ್ಟು ಪೂಜೆ ಮಾಡಿ ಕೂರಿಸಿದಳು. ಗೋಡೆಯೆಲ್ಲ ಮುಗಿದು ಮಾಳಿಗೆಯ ಕೆಲಸಕ್ಕೆ ಬಂತು. ನಮ್ಮ ಕಡೆ ಮನೆಗಳಿಗೆ ಹೆಂಚಿಲ್ಲ. ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಸೊಪ್ಪು, ಸೊಪ್ಪಿನ ಮೇಲೆ ಗೇಣು ದಪ್ಪ ಮಣ್ಣು. ಆ ಮಣ್ಣು ನೀರು ಬಿಡಬಾರದು.

"ಅಕ್ಕಾ, ಮಾಳಿಗಿಗೆ ಕರ್ಲ ಹಾಕ್ಬೇಕು," ಎಂದರು ಮಾಬುಸಾಬ. "ಮಸಾರಿ ನಡಿಯಂಗಿಲ್ಲ. ಇದರ ತಾಸೀರು, ಇದರ ಗುಣಾನ ನೀರು ಬಿಡೋದು."

"ಕರ್ಲ ಎಲ್ಲೈತಿ?"

"ಅದೇ ನಿಮ್ಮತ್ತಿ ಹೊಲದಾಗ."

"ಹಂಗಾದ್ರ ಬ್ಯಾಡ. ನನ್ನ ಮನಿಗೆ ಕೆಳಗಿಂದ ಮ್ಯಾಲಿನತನಕ ಒಂದ ಮಣ್ಣು. ಮಸಾರೀನ ಹಾಕ್ರಿ, ದಪ್ಪಗ ಹಾಕ್ರಿ."

ಮಾಬುಸಾಬ ಅಪ್ಪನ ಮುಖ ನೋಡಿದರು. ಅಪ್ಪ ನೋಡಾನಂತ ಎಂದ. ಛಲ ಎಂಬುದು ಕೈಗೆ ಸಿಕ್ಕ ಸಲಿಕೆಯೇ ಆಗಿರಬಹುದು, ಆದರೆ ಎಲ್ಲ ಕಡೆ ಅಗೆಯಲು ಹೋಗಬಾರದು ಎಂದು ನನಗೆ ಅನ್ನಿಸಿದ್ದು ಬಹಳ ವರ್ಷಗಳ ಮೇಲೆ. ಆಗ ಮಾತ್ರ ಅವ್ವನ ಪಕ್ಕ ಸೊಂಟದ ಮೇಲೆ ಕೈ ಇಟ್ಟು ನಾನೂ ನಿಂತಿದ್ದೆ.

ನಾವು ನಾಲ್ಕು ಜನ ಹೊಸ ಮನೆಗೆ ಹೋದೆವು. ಅಜ್ಜಿ ಹಳೆಯ ಮನೆಯಲ್ಲೇ, ಆಗಷ್ಟೇ ಮದುವೆಯಾಗಿದ್ದ ಚಿಕ್ಕಪ್ಪ ಚಿಕ್ಕಮ್ಮನ ಜೊತೆ ಉಳಿದಳು. ಆ ಅಡುಗೆಮನೆಯ ಗೋಡೆಯನ್ನು ಚಿಕ್ಕಪ್ಪ ಕೆಡವಿ ಮತ್ತೆ ಕಟ್ಟಿಸಿದ. ಮೊದಲ ಮಳೆ ಒಂದು ಮಧ್ಯಾಹ್ನ ಬಂತು. ಅಂಗಳದಲ್ಲಿ ಒಂದು ಹನಿ ನಿಲ್ಲಲಿಲ್ಲ, ಸುರಿದದ್ದು ಸುರಿದ ಹಾಗೆ ನೆಲಕ್ಕೆ ಇಳಿಯಿತು. ಅವ್ವ ಬಾಗಿಲಲ್ಲಿ ನಿಂತು ನೋಡಿ ಹಿಗ್ಗುತ್ತಿದ್ದಳು. ಅಷ್ಟರಲ್ಲಿ ನನ್ನ ತಲೆಯ ಮೇಲೆ ಟಪ್ ಎಂದಿತು. ಆಮೇಲೆ ತೊಟ್ಟಿಲ ಮೇಲೆ, ಒಲೆಯ ಮೇಲೆ, ಜೋಳದ ಚೀಲದ ಮೇಲೆ. ಅಂಗಳಕ್ಕೆ ನೀರು ಬಿಟ್ಟುಕೊಟ್ಟ ಮಣ್ಣೇ ಮಾಳಿಗೆಯಲ್ಲೂ ಧಾರಾಳವಾಗಿ ಬಿಟ್ಟುಕೊಟ್ಟಿತ್ತು. ಚೆಂಬು, ತಾಟು, ಪರಾತ, ಕೊನೆಗೆ ಒರಳು, ಮನೆಯಲ್ಲಿದ್ದದ್ದೆಲ್ಲ ನೆಲದ ಮೇಲೆ ಬಂತು. ತಂಗಿಯನ್ನು ಮಡಿಲಲ್ಲಿ ಮುಚ್ಚಿಕೊಂಡು ಅವ್ವ ಮೂಲೆಯಲ್ಲಿ ಕೂತಳು. ಅಪ್ಪ ಬಾಯಿ ತೆರೆದ.

"ನೋಡಾನಂತ ಅಂದ್ರ ನೋಡ್ರಿ ಮತ್ತ!" ಎಂದು ಅವ್ವ ಕೂಗಿದಳು. ಅವನು ಹೇಳಬೇಕೆಂದಿದ್ದದ್ದು ಏನೋ, ತುಂಬಿದ ಚೆಂಬನ್ನು ಹೊರಗೆ ಚೆಲ್ಲಲು ಎದ್ದ.

ಮಾರನೇ ಬೆಳಿಗ್ಗೆ ದಿಬ್ಬದ ಕೆಳಗೆ ಎತ್ತಿನ ಗಾಡಿಯ ಸದ್ದಾಯಿತು. ಚಿಕ್ಕಪ್ಪ ಗಾಡಿ ಹೊಡೆಯುತ್ತಿದ್ದ, ಹಿಂದೆ ಬೂದಿ ಬಣ್ಣದ ಮಣ್ಣಿನ ರಾಶಿಯ ಮೇಲೆ ಅಜ್ಜಿ ಕೂತಿದ್ದಳು. ಯಾರು ಹೋಗಿ ಹೇಳಿದರೋ ಗೊತ್ತಿಲ್ಲ. ಬಹುಶಃ ಯಾರೂ ಹೇಳಿರಲಿಕ್ಕಿಲ್ಲ, ಮಸಾರಿ ಮಾಳಿಗೆಗೆ ಮೊದಲ ಮಳೆಯಲ್ಲಿ ಏನಾಗುತ್ತದೆಂದು ಅವಳಿಗೆ ಹೇಳಬೇಕಾಗಿರಲಿಲ್ಲ. ಬಾಗಿಲ ಕಡೆ ತಿರುಗಿಯೂ ನೋಡದೆ ಹಿತ್ತಲಿಗೆ ನಡೆದು, ಏಣಿ ಹಾಕಿಸಿಕೊಂಡು, ಸೀರೆ ಎತ್ತಿ ಕಟ್ಟಿ ಮಾಳಿಗೆ ಹತ್ತಿದಳು. ಹೊಸ್ತಿಲು ತುಳಿಯುವುದಿಲ್ಲ ಎಂದಿದ್ದಳೇ ಹೊರತು ಮಾಳಿಗೆ ಹತ್ತುವುದಿಲ್ಲ ಎಂದಿರಲಿಲ್ಲವಲ್ಲ. ಚಿಕ್ಕಪ್ಪ ಬುಟ್ಟಿ ಕೊಟ್ಟ ಹಾಗೆ ಅವಳು ಕರ್ಲು ಹರಡಿ ನೀರು ಚಿಮುಕಿಸಿ ತುಳಿಯತೊಡಗಿದಳು. ಅವ್ವ ಒಳಗೆ ನಿಂತು ಮೇಲಕ್ಕೆ ನೋಡುತ್ತಿದ್ದಳು. ಧಪ್ ಧಪ್ ಎಂದು ಹೆಜ್ಜೆ ಸದ್ದು. ಆಮೇಲೆ ಬೆಳಕಿಂಡಿಯಲ್ಲಿ, ಮಾಳಿಗೆಯಲ್ಲಿ ಬೆಳಕಿಗೆಂದು ಬಿಟ್ಟ ಆ ತೂತಿನಲ್ಲಿ, ಅಜ್ಜಿಯ ಮುಖ ಕಂಡಿತು.

"ಕೂಸು ತೊಯ್ದೈತೇನಲೇ?"

"ಇಲ್ರಿ ಅತ್ತಿ."

"ಜ್ವಾಳ?"

"ತೊಯ್ದಾವು."

"ಬಿಸಲಿಗೆ ಹಾಕು. ಕರ್ಲ ಕೇಳಿದ್ರ ನಾ ಬ್ಯಾಡಂತಿದ್ನಾ?"

ಅವ್ವ ತಡೆದು ತಡೆದು ಹೇಳಿದಳು, "ನೀವು ಬ್ಯಾಡನ್ನಂಗಿಲ್ಲ ಅಂತ ಗೊತ್ತಿತ್ರಿ. ನನಗ ಕೇಳಾಕ ಬಾಯಿ ಬರಲಿಲ್ಲ."

ಮುಖ ಮಾಯವಾಯಿತು. ಧಪ್ ಧಪ್ ಮತ್ತೆ ಶುರುವಾಯಿತು. ಆ ಮಾಳಿಗೆ ಆಮೇಲೆ ಸೋರಲಿಲ್ಲ.

ಅಲ್ಲಿಂದ ಅದೇ ಪದ್ಧತಿಯಾಯಿತು. ಪ್ರತಿ ಮಳೆಗಾಲದ ಮುಂಚೆ ಅಜ್ಜಿ ಗಾಡಿ ತುಂಬ ಕರ್ಲು ತರುವುದು, ಏಣಿಯಿಂದ ಹತ್ತುವುದು, ಬೆಳಕಿಂಡಿಯಿಂದ ಮಾತಾಡುವುದು, ಏಣಿಯಿಂದಲೇ ಇಳಿದು ಹೋಗುವುದು. ಅವ್ವ ಬೆಳಕಿಂಡಿಗೆ ಕೈ ಚಾಚಿ ರೊಟ್ಟಿ, ಶೇಂಗಾ ಚಟ್ನಿ, ಮಜ್ಜಿಗೆ ಏರಿಸುತ್ತಿದ್ದಳು. ಅಜ್ಜಿ ಮಾಳಿಗೆಯ ಮೇಲೆ ಬಿಸಿಲಲ್ಲಿ ಕೂತು ಉಣ್ಣುತ್ತಿದ್ದಳು. "ಶೇಂಗಾ ಚಲೋ ಅದಾವು" ಎನ್ನುವಳು. ಅದು ಮಸಾರಿಯಲ್ಲಿ ಬೆಳೆದ ಶೇಂಗಾ ಎಂದು ಅವ್ವನೂ ಹೇಳುತ್ತಿರಲಿಲ್ಲ, ಅವಳೂ ಕೇಳುತ್ತಿರಲಿಲ್ಲ. ಒಳಗೆ ಬರುವ ಮಾತನ್ನು ಅವ್ವ ವರ್ಷಕ್ಕೊಮ್ಮೆ ತೆಗೆಯುತ್ತಿದ್ದಳು, ಅಜ್ಜಿ ವರ್ಷಕ್ಕೊಮ್ಮೆ "ಆಣಿ ಹಾಕೀನಿ" ಎನ್ನುತ್ತಿದ್ದಳು. ಅವ್ವ ಕಟ್ಟಿದ ಗೋಡೆಯಲ್ಲಿ ಬಿರುಕಿಲ್ಲ ಎಂದು ಊರಿಗೆಲ್ಲ ಗೊತ್ತಿತ್ತು. ಆದರೆ ಆ ಮಾತು ಯಾರ ಬಾಯಿಂದ ಬರಬೇಕಿತ್ತೋ ಅವರು ಗೋಡೆಯನ್ನು ಒಳಗಿಂದ ನೋಡಿಯೇ ಇರಲಿಲ್ಲ. ಅವ್ವನಿಗೆ ಅದೊಂದೇ ಕೊರಗು.

ನಾನು ಹೈಸ್ಕೂಲು ಮುಗಿಸುವ ಹೊತ್ತಿಗೆ ಅಜ್ಜಿಯ ಮಂಡಿ ಸೋತಿತ್ತು. ಆ ವರ್ಷ ಗಾಡಿಯಲ್ಲಿ ಬಂದಳು, ಏಣಿ ಹತ್ತಲಾಗಲಿಲ್ಲ. ಅಂಗಳದ ಬೇವಿನ ಮರದ ಕೆಳಗೆ ಕೂತು, ಮೇಲೆ ಕರ್ಲು ತುಳಿಯುತ್ತಿದ್ದ ನನಗೂ ಚಿಕ್ಕಪ್ಪನಿಗೂ "ಆ ಮೂಲಿ ಬಿಟ್ರಿ, ಕಣ್ಣಿಲ್ಲೇನಲೇ" ಎಂದು ಬೈಯುತ್ತಿದ್ದಳು. ಕೆಲಸ ಮುಗಿಯುವಷ್ಟರಲ್ಲಿ ಗುಡ್ಡದ ಕಡೆಯಿಂದ ಗಾಳಿ ಎದ್ದು ಮಳೆ ಶುರುವಾಯಿತು. ದಪ್ಪ ದಪ್ಪ ಹನಿ. ನಾವೆಲ್ಲ ಒಳಗೆ ಓಡಿದೆವು. ಅಜ್ಜಿ ಕೂತಲ್ಲೇ ಸೆರಗು ತಲೆಗೆ ಎಳೆದುಕೊಂಡಳು.

"ಅತ್ತಿ, ಕೈ ಮುಗಿತೀನಿ, ಒಳಗ ಬರ್ರಿ!"

"ಆಣಿ ಐತಿ. ನಾ ಇಲ್ಲೇ ಚಲೋ ಅದೀನಿ."

ಅವಳು ಗಡಗಡ ನಡುಗುತ್ತಿದ್ದಳು. ಅಪ್ಪ ಚಿಕ್ಕಪ್ಪ ಎತ್ತಿಕೊಂಡು ಬರಲು ಹೋದರೆ ಕೋಲು ಬೀಸಿದಳು. ಅವ್ವ ಬಾಗಿಲಲ್ಲಿ ನಿಂತು ಒಂದು ಕ್ಷಣ ಅವಳನ್ನು, ಒಂದು ಕ್ಷಣ ಕಾಲ ಮುಂದಿನ ಹೊಸ್ತಿಲನ್ನು ನೋಡಿದಳು. ಒಳಗೆ ಹೋಗಿ ಹಾರೆ ತಂದಳು. ಪ್ರತಿ ಶುಕ್ರವಾರ ಅರಿಶಿನ ಕುಂಕುಮ ಇಟ್ಟ ಹೊಸ್ತಿಲು ಅದು, ನಾನು ಅದರ ಮೇಲೆ ಕೂತರೂ ಬೆನ್ನಿಗೆ ಬೀಳುತ್ತಿತ್ತು. ಅದರ ಕೆಳಗೆ ಹಾರೆ ತೂರಿಸಿ, ಎದೆ ಕೊಟ್ಟು ಒತ್ತಿದಳು. "ಏ ಹನುಮಕ್ಕ, ಏನ್ ಮಾಡ್ತಿ!" ಎಂದು ಅಪ್ಪ ಚೀರಿದ. ಹಲಗೆ ಕಿರ್ರೆಂದು ಎದ್ದಿತು. ಅದನ್ನು ಎತ್ತಿ ಅಂಗಳಕ್ಕೆ ಎಸೆದು, ಮಳೆಯಲ್ಲೇ ಅಜ್ಜಿಯ ಮುಂದೆ ಹೋಗಿ ನಿಂತಳು.

"ಹೊಸ್ತಿಲ ತುಳಿಯಂಗಿಲ್ಲ ಅಂದಿದ್ರಲ್ಲಾ, ತಗದೀನಿ. ನಿಮ್ಮ ಆಣಿನೂ ಉಳೀತು. ಏಳ್ರಿ ಈಗ."

ಅಜ್ಜಿ ಬಾಯಿ ಬಿಟ್ಟು ನೋಡಿದಳು. "ಹುಚ್ಚಿ, ಹೊಸ್ತಿಲಿಲ್ಲದ ಮನಿಗೆ ನೀರು ನುಗ್ತೈತಲ್ಲೇ!"

"ನುಗ್ಗಂಗಿಲ್ರಿ. ಇದು ಮಸಾರಿ ಐತಿ."

ಅಜ್ಜಿ ಅವ್ವನ ಭುಜ ಹಿಡಿದು ಎದ್ದಳು. ಒಳಗೆ ಬಂದವಳು ಕೂರಲಿಲ್ಲ, ತಲೆಯನ್ನೂ ಒರೆಸಿಕೊಳ್ಳಲಿಲ್ಲ. ತೊಯ್ದ ಸೀರೆಯಲ್ಲೇ ಗೋಡೆಗೆ ಹೆಬ್ಬೆರಳು ಒತ್ತಿಕೊಂಡು ಪಡಸಾಲೆ ಸುತ್ತಿದಳು, ಮೂಲೆ ಮೂಲೆ ತಡವಿದಳು, ಅಡುಗೆಮನೆಗೆ ಹೋಗಿ ಒಲೆಯ ಹಿಂದಿನ ಗೋಡೆಯನ್ನು ಮೇಲಿಂದ ಕೆಳಗಿನವರೆಗೆ ಸವರಿದಳು. ನಾವೆಲ್ಲ ಅವಳ ಹಿಂದೆ.

"ಬಿರುಕಿಲ್ಲಲೇ, ಹನುಮಕ್ಕ," ಎಂದಳು.

ಹಳೆಯ ಮನೆಯಲ್ಲಿ ಅಷ್ಟು ವರ್ಷ ಬೈಸಿಕೊಂಡು ಕಣ್ಣಲ್ಲಿ ಒಂದು ಹನಿ ತರದ ಅವ್ವ, ಆ ಮಾತಿಗೆ ಒಲೆಯ ಮುಂದೆ ಕುಸಿದು ಕೂತು ಗೊಳೋ ಎಂದು ಅತ್ತಳು. ಅಜ್ಜಿ ಅವಳ ಪಕ್ಕ ಮಂಡಿ ಊರಲಾಗದೆ ನಿಂತೇ ಅವಳ ತಲೆ ಸವರುತ್ತಿದ್ದಳು.

ಇಬ್ಬರೂ ಈಗಿಲ್ಲ. ಮನೆಯಲ್ಲಿ ತಂಗಿಯ ಸಂಸಾರವಿದೆ. ನಾನು ಬಳ್ಳಾರಿಯಿಂದ ಹೋದಾಗಲೆಲ್ಲ ಮೊದಲು ಆ ಗೋಡೆಯನ್ನು ಒಮ್ಮೆ ಮುಟ್ಟುತ್ತೇನೆ. ತಂಗಿಯ ಸೊಸೆ ಮದುವೆಯಾಗಿ ಬಂದ ಹೊಸದರಲ್ಲಿ, ಹೊಸ್ತಿಲಿಲ್ಲದ ಬಾಗಿಲು ಕಂಡು ಗಾಬರಿಯಾಗಿ, ಒಂದು ಹಲಗೆ ಕೂರಿಸೋಣ ಎಂದಿದ್ದಳಂತೆ. ತಂಗಿ ಬೇಡ ಎಂದಳಂತೆ.

"ಅಲ್ರಿ ದೊಡ್ಡತ್ತಿ," ಎಂದು ಅವಳು ನನ್ನನ್ನು ಕೇಳಿದಳು, "ಜೋರು ಮಳಿ ಬಂದ್ರ ನೀರು ಒಳಗ ಬರಂಗಿಲ್ಲೇನ್ರಿ?"

"ಇಲ್ಲವ್ವಾ," ಎಂದೆ. "ಇಲ್ಲಿತನಕ ಬಂದಿಲ್ಲ."